ಇಲಿಮರಿಯ ಪಾಲಿನ ಮೊಸಳೆ

ಮಾಮನ ಬಾಯಿಂದ ಮೊದಲು ಬರುವ ಮಾತೇ ‘ಇಲ್ಲ’. ಅವನು ಜಿಪುಣನಲ್ಲ, ಸಿಡುಕನೂ ಅಲ್ಲ. ಅಕ್ಕನ ಇಬ್ಬರು ಹೆಣ್ಣುಮಕ್ಕಳು ಮಾತು ಕಲಿತಂದಿನಿಂದ ಅವರ ಜೊತೆ ನಡೆದುಕೊಂಡು ಬಂದ ಆಟ ಅದು. ಮಕ್ಕಳು ಏನು ಕೇಳಿದರೂ ಅವನು ಮೂರು ಸಲ ‘ಇಲ್ಲ’ ಅನ್ನಬೇಕು, ನಾಲ್ಕನೇ ಸಲಕ್ಕೆ ‘ಹೂಂ’ ಅನ್ನಲೇಬೇಕು. ಐಸ್‌ಕ್ರೀಮ್ ಕೊಡಿಸ್ತೀಯಾ? ಇಲ್ಲ. ಕೊಡಿಸ್ತೀಯಾ? ಇಲ್ಲ. ಕೊಡಿಸ್ತೀಯಾ? ಇಲ್ಲ ಅಂದ್ನಲ್ಲ. ಕೊಡಿಸ್ತೀಯಾ? ಹೂಂ, ನಡೀರಿ ಪೀಡೆಗಳಾ. ಮಧ್ಯದಲ್ಲಿ ಅಳುವಂತಿಲ್ಲ, ಅಮ್ಮನ ಹತ್ತಿರ ದೂರು ಒಯ್ಯುವಂತಿಲ್ಲ. ಮಕ್ಕಳಿಗೆ ಐಸ್‌ಕ್ರೀಮಿಗಿಂತ ಆ ಮೂರು ‘ಇಲ್ಲ’ಗಳೇ ಹೆಚ್ಚು ರುಚಿ. ಚಿಕ್ಕವಳಂತೂ ಎರಡನೆಯದಕ್ಕೇ ನಗು ತಡೆಯಲಾರದೆ ನೆಲದ ಮೇಲೆ ಉರುಳಾಡುತ್ತಿದ್ದಳು.

ದೊಡ್ಡವಳಿಗೆ ಎಂಟು ವರ್ಷ. ಒಂದು ಮಾತಿಗೆ ಹತ್ತು ಮಾತು ಜೋಡಿಸಿ ಎದುರಿನವರ ಬಾಯಿ ಮುಚ್ಚಿಸುವುದರಲ್ಲಿ ಎತ್ತಿದ ಕೈ. ಅದಕ್ಕೇ ಮನೆಯಲ್ಲಿ ಅವಳು ಲಾಯರಮ್ಮ. ಚಿಕ್ಕವಳಿಗೆ ನಾಲ್ಕು ವರ್ಷ, ಅವಳು ಇಲಿಮರಿ. ಆ ಹೆಸರು ಬಂದದ್ದು ಅವಳ ಹಲ್ಲಿನಿಂದ. ಮನೆಯಲ್ಲಿ ಒಂದು ಬಕೆಟ್ ತುಂಬ ಬಣ್ಣಬಣ್ಣದ ಬ್ಲಾಕ್ಸ್ ಇವೆ, ಒಂದರ ಮೇಲೊಂದು ಇಟ್ಟು ಒತ್ತಿದರೆ ಟಕ್ಕೆಂದು ಕೂರುವ ಪ್ಲಾಸ್ಟಿಕ್ ಇಟ್ಟಿಗೆಗಳು. ಅಕ್ಕ ತಂಗಿ ಕೆಲಸ ಹಂಚಿಕೊಂಡಿದ್ದರು. ಕಟ್ಟುವುದು ಲಾಯರಮ್ಮ, ಬಿಚ್ಚುವುದು ಇಲಿಮರಿ. ಬೆರಳಿಗೆ ಬಗ್ಗದಿದ್ದರೆ ಹಲ್ಲು ಹಾಕಿ ಬಿಚ್ಚುತ್ತಾಳೆ. ಬಕೆಟ್ಟಿನೊಳಗೆ ಕೈಯಾಡಿಸಿ ಯಾವುದನ್ನು ಎತ್ತಿ ನೋಡಿದರೂ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ದೊಡ್ಡವಳು ಮಧ್ಯಾಹ್ನವೆಲ್ಲ ಕೂತು ಕಟ್ಟಿದ ಕೋಟೆಯನ್ನು ಚಿಕ್ಕವಳು ಕ್ಷಣದಲ್ಲಿ ಪುಡಿ ಮಾಡುವುದನ್ನು ಕಂಡು ಮನೆಗೆ ಬಂದವರು ಯಾರಾದರೂ ‘ಅಯ್ಯೋ ಪಾಪ’ ಎಂದರೆ ಲಾಯರಮ್ಮನಿಗೇ ಸಿಟ್ಟು ಬರುತ್ತಿತ್ತು.

“ಅವಳು ಬಿಚ್ಲಿ ಅಂತಾನೇ ಕಟ್ಟಿದ್ದು. ಇಲ್ದಿದ್ರೆ ನಾನ್ಯಾಕೆ ಕಷ್ಟಪಡ್ಲಿ?”

ಇಂಥ ಇಲಿಮರಿಯ ರಕ್ತಕ್ಕೆ ಏನೋ ಕಾಯಿಲೆ ಹತ್ತಿಕೊಂಡು, ಅವಳು ಆಸ್ಪತ್ರೆ ಸೇರಿ ತಿಂಗಳುಗಳೇ ಉರುಳಿದ್ದವು. ಆ ವಾರ್ಡಿನೊಳಗೆ ಬೇರೆ ಮಕ್ಕಳನ್ನು ಬಿಡುವುದಿಲ್ಲ. ಅಕ್ಕ ತಂಗಿಯರ ಭೇಟಿಯೇನಿದ್ದರೂ ಫೋನಿನ ಪರದೆಯ ಮೇಲೆ. ಅಪ್ಪ ಅಮ್ಮ ಸರದಿಯ ಮೇಲೆ ಅಲ್ಲಿ ಕಾಯುತ್ತಿದ್ದರಿಂದ ಲಾಯರಮ್ಮನ ಊಟ, ಸ್ಕೂಲು, ಜಡೆ ಎಲ್ಲ ಮಾಮನ ತಲೆಗೆ ಬಂದಿತ್ತು. ಊಟ, ಸ್ಕೂಲು ಹೇಗೋ ನಡೆಯುತ್ತಿತ್ತು. ಜಡೆಯ ಬಗ್ಗೆ ಮಾತಾಡದಿರುವುದೇ ವಾಸಿ.

ಮಾಮ ಲಿಫ್ಟ್ ರಿಪೇರಿ ಮಾಡುವವನು. ಆ ಕೆಲಸದವರಿಗೆಲ್ಲ ಒಂದು ಸುಳ್ಳು ರೂಢಿಯಾಗಿರುತ್ತದೆ. ಎಲ್ಲೋ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದು, ಬೆವರುತ್ತಾ ಫೋನ್ ಮಾಡುತ್ತಾರೆ. ಇವನು ಇನ್ನೂ ಮನೆಯಲ್ಲಿ ಶೂಸಿಗೆ ಕಾಲು ತೂರಿಸುತ್ತಿರುತ್ತಾನೆ. ಆದರೂ ಹೇಳುವುದು ಒಂದೇ, “ದಾರಿಯಲ್ಲೇ ಇದ್ದೀನಿ, ಐದೇ ನಿಮಿಷ.” ಹಾಗಂದರೆ ಒಳಗಿದ್ದವರು ಸಮಾಧಾನದಿಂದ ಉಸಿರಾಡುತ್ತಾರೆ. ಉಸಿರಾಡಲಿ ಅಂತಲೇ ಹೇಳುವುದು. ಹೇಳಿ ಹೇಳಿ ಅದು ಸುಳ್ಳೆಂಬುದೇ ಅವನಿಗೆ ಮರೆತುಹೋಗಿತ್ತು.

ಆ ಶನಿವಾರ ಬೆಳಿಗ್ಗೆ ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದಾಗ ಅವನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ.

“ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದು ಹೇಳಿದ್ರು ಕಣೋ,” ಅಕ್ಕನ ದನಿ ಒಣಗಿಹೋಗಿತ್ತು. “ಇವತ್ತು ದಾಟೋದು ಕಷ್ಟ ಅಂದ್ರು.”

ಅವನು ಒಲೆ ಆರಿಸಿ ಗೋಡೆಗೆ ಒರಗಿದ. “ಲಾಯರಮ್ಮನ್ನ ಕರ್ಕೊಂಡು ಈಗ್ಲೇ ಹೊರಡ್ತೀನಿ.”

“ಬೇಡ.”

“ಅಕ್ಕ, ಒಂದ್ಸಲ ನೋಡ್ಲಿ—”

“ಬೇಡ ಅಂದ್ನಲ್ಲ! ಇಲ್ಲಿ ಹೇಗಿದ್ದಾಳೆ ಅಂತ ನಿನಗೇನು ಗೊತ್ತು? ಹೆತ್ತವಳು, ನನಗೇ ನೋಡೋಕಾಗ್ತಿಲ್ಲ. ಅವಳ ಕಣ್ಣಲ್ಲಿ ನಗ್ತಿದ್ದ ಇಲಿಮರಿನೇ ಉಳೀಲಿ. ಇವತ್ತು ಆ ಅಂಗಡೀಲಿ ಬ್ಲಾಕ್ಸ್ ಕಟ್ಟೋದಿದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗು. ನಾನು ಫೋನ್ ಮಾಡೋತನಕ ಅವಳಿಗೆ ಏನೂ ಗೊತ್ತಾಗ್ಬಾರ್ದು.”

ಅಕ್ಕನ ಮಾತು ಮೀರುವ ಧೈರ್ಯ ಅವನಿಗೆ ಹುಟ್ಟಿದಂದಿನಿಂದಲೂ ಇಲ್ಲ. ಆದರೆ ಈ ಮಾತು ಮಾತ್ರ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಅಕ್ಕ ತಂಗಿ ಪರಸ್ಪರ ಮುಖ ನೋಡದೆ ಒಬ್ಬಳು ಹೊರಟುಹೋಗುವುದೆಂದರೇನು? ನಾಳೆ ಇವಳು ದೊಡ್ಡವಳಾಗಿ ‘ಆ ದಿನ ನಾನೆಲ್ಲಿದ್ದೆ ಮಾಮ?’ ಎಂದು ಕೇಳಿದರೆ, ‘ಆಟದ ಸಾಮಾನಿನ ಅಂಗಡಿಯಲ್ಲಿದ್ದೆ’ ಅನ್ನಬೇಕೇ? ಹೇಗಾದರೂ ಮಾಡಿ ಇವಳನ್ನು ಅವಳ ಹತ್ತಿರ ಮುಟ್ಟಿಸಬೇಕೆಂದು ಅವನು ಆಗಲೇ ಗಟ್ಟಿ ಮಾಡಿಕೊಂಡ. ಅಕ್ಕನಿಗೆ ಹೇಳಿ ಫಲವಿಲ್ಲ. ಭಾವ ಮೆತ್ತನೆಯ ಮನುಷ್ಯ, ಅವರಿಗೆ ಮೆಸೇಜು ಹಾಕಿದ: ‘ಇವಳನ್ನ ಕರ್ಕೊಂಡು ಬರೋಕೆ ಅಕ್ಕನ್ನ ಹೇಗಾದ್ರೂ ಒಪ್ಸಿ ಭಾವ. ಕೈಮುಗಿದು ಕೇಳ್ತೀನಿ.’

ಲಾಯರಮ್ಮ ಆಗಲೇ ಶೂಸು ಹಾಕಿಕೊಂಡು ಬಾಗಿಲಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು. ಈ ದಿನಕ್ಕಾಗಿ ಅವಳು ಕಾದದ್ದು ಅಷ್ಟಿಷ್ಟಲ್ಲ. ಅಂಗಡಿಯವರು ಮಕ್ಕಳಿಗೆ ಮೇಜು ಹಾಕಿ, ಬ್ಲಾಕ್ಸ್ ಕೊಟ್ಟು, ಕಟ್ಟಿದ್ದನ್ನು ಮನೆಗೆ ಒಯ್ಯಲು ಬಿಡುತ್ತಾರೆ. ಇಲಿಮರಿ ಇನ್ನೂ ಸ್ವಲ್ಪ ಓಡಾಡಿಕೊಂಡಿದ್ದಾಗಲೇ ಭಾವ ಇಬ್ಬರ ಹೆಸರನ್ನೂ ಬರೆಸಿದ್ದರು.

ವ್ಯಾನಿನಲ್ಲಿ ಅವಳು ಕೇಳಿದಳು, “ಮಾಮ, ಮುಂದಿನ ಸೀಟಲ್ಲಿ ಕೂರ್ಲಾ?”

“ಕೂತ್ಕೋ.”

ಅವಳು ಹತ್ತಿದವಳು ಅರ್ಧಕ್ಕೇ ನಿಂತು ಅವನ ಮುಖ ನೋಡಿದಳು. ನೋಡಿ, ಸುಮ್ಮನೆ ಬೆಲ್ಟ್ ಹಾಕಿಕೊಂಡಳು. ಮೂಲೆಯ ಅಂಗಡಿ ಬಂದಾಗ ಪರೀಕ್ಷೆ ಮಾಡುವವಳಂತೆ ಮತ್ತೆ ಕೇಳಿದಳು, “ಜ್ಯೂಸ್ ಕೊಡಿಸ್ತೀಯಾ?”

“ಹೂಂ. ಯಾವುದು ಬೇಕು?”

“ನೀನು ಇಲ್ಲ ಅನ್ಬೇಕು.”

“ಓ, ಹೌದಲ್ಲ. ಇಲ್ಲ.”

“ಈಗ ಅಂದ್ರೆ ಆಗಲ್ಲ. ಕೆಟ್ಟೋಯ್ತು.” ಅವಳು ಕಿಟಕಿಯ ಕಡೆ ತಿರುಗಿದಳು. “ಇವತ್ತು ನೀನು ಸರಿಯಿಲ್ಲ ಮಾಮ.”

ಸರಿಯಿಲ್ಲದ್ದು ನಿಜವೇ. ಇವತ್ತು ಈ ಮಗುವಿಗೆ ಯಾವುದಕ್ಕೂ ‘ಇಲ್ಲ’ ಅನ್ನಲಾರೆ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಸಂಜೆಯೊಳಗೆ ಇವಳ ಪಾಲಿಗೆ ಎಂಥ ದೊಡ್ಡ ‘ಇಲ್ಲ’ ಬರಲಿದೆ ಎಂದು ಗೊತ್ತಿದ್ದವನು ಜ್ಯೂಸಿಗೆ, ಸೀಟಿಗೆ ‘ಇಲ್ಲ’ ಅನ್ನುವುದು ಹೇಗೆ? ಜ್ಯೂಸು ಕೊಡಿಸಿದ. ಅವಳು ಅರ್ಧ ಕುಡಿದು ಉಳಿದದ್ದನ್ನು ಮುಚ್ಚಳ ಹಾಕಿ ಇಟ್ಟುಕೊಂಡಳು.

ಅಂಗಡಿ ದೊಡ್ಡ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ತಗ್ಗಿನ ಉದ್ದ ಮೇಜುಗಳು, ಅದರ ಸುತ್ತ ಮಕ್ಕಳ ಗಲಾಟೆ, ಗೋಡೆಗುಂಟ ನಿಂತು ಫೋನು ನೋಡುತ್ತಿದ್ದ ಅಪ್ಪ ಅಮ್ಮಂದಿರು. ಸಾವಿರಾರು ಬ್ಲಾಕ್ಸನ್ನು ಒಟ್ಟಿಗೆ ಕೆದಕುವ ಸದ್ದು ಕಿವಿ ಗಡಚಿಕ್ಕುತ್ತಿತ್ತು. ಬಾಗಿಲಲ್ಲಿ ಹಳದಿ ಏಪ್ರನ್ ಹಾಕಿದ ಹುಡುಗಿ ಹೆಸರು ನೋಡಿ ಒಳಗೆ ಬಿಡುತ್ತಿದ್ದಳು.

“ಇಬ್ಬರು ಅಂತಿದೆಯಲ್ಲ. ಇನ್ನೊಬ್ಬಳು ಎಲ್ಲಿ?”

ಮಾಮ ಬಾಯಿ ತೆರೆಯುವಷ್ಟರಲ್ಲಿ ಲಾಯರಮ್ಮ ವಾದ ಶುರು ಮಾಡಿದಳು. “ಅವಳು ನನ್ನ ತಂಗಿ. ಹುಷಾರಿಲ್ಲ, ಆಸ್ಪತ್ರೇಲಿದ್ದಾಳೆ. ಅವಳ ಪಾಲಿಂದೂ ನಾನೇ ಕಟ್ಕೊಂಡು ಹೋಗ್ತೀನಿ.”

“ಹಾಗೆ ಕೊಡೋ ಹಾಗಿಲ್ಲ ಪುಟ್ಟಾ. ಬಂದ ಮಕ್ಕಳಿಗೆ ಮಾತ್ರ.”

“ಬರಲಿಲ್ಲ ಅಂದ್ರೆ ಅವಳ ಹೆಸರು ಹೊಡೆದು ಹಾಕಿದ್ದೀರಾ? ಇಲ್ವಲ್ಲ. ಹೆಸರಿದ್ರೆ ಪಾಲೂ ಇದೆ.”

ಹುಡುಗಿಗೆ ನಗು ಬಂತು. ನಗುತ್ತಲೇ ಮಾಮನ ಕಡೆ ನೋಡಿದಳು. ಅವನ ಮುಖದಲ್ಲಿ ಏನು ಕಂಡಿತೋ, ಅವಳ ನಗು ಅಲ್ಲೇ ನಿಂತುಹೋಯಿತು. ಅತ್ತಿತ್ತ ನೋಡಿ ಎರಡು ಟ್ರೇಗಳನ್ನು ಒಂದರ ಮೇಲೊಂದು ಇಟ್ಟು ಕೊಟ್ಟಳು. ಎರಡು ಮೊಸಳೆಗಳ ಬ್ಲಾಕ್ಸು. ಹಸಿರು ಮೈ, ತೆರೆದು ಮುಚ್ಚುವ ಬಾಯಿ, ಬೆನ್ನಿನ ಮೇಲೆ ಗರಗಸದಂಥ ಮುಳ್ಳುಸಾಲು, ಬಿಳಿ ಹಲ್ಲು.

“ಹಲ್ಲಿದೆ!” ಲಾಯರಮ್ಮ ಕುಣಿದುಬಿಟ್ಟಳು. “ಇಲಿಮರಿ ಬಿದ್ದು ಬಿದ್ದು ನಗ್ತಾಳೆ ನೋಡು.”

ತನ್ನ ಟ್ರೇಯನ್ನು ಪಕ್ಕಕ್ಕೆ ತಳ್ಳಿ ಮೊದಲು ತಂಗಿಯದಕ್ಕೇ ಕೈ ಹಾಕಿದಳು. ಮಾಮ ಅವಳ ಹಿಂದೆ ಮಕ್ಕಳ ಕುರ್ಚಿಯೊಂದರ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತ. ಅವಳ ಬೆರಳುಗಳು ಓಡುವುದನ್ನು ನೋಡಿದ. ಬಾಲದಿಂದ ಶುರುವಾಗಿ ಹೊಟ್ಟೆ, ಹೊಟ್ಟೆಯಿಂದ ಕಾಲು. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಟಕ್ ಅನ್ನಿಸಿ ಮುಂದಕ್ಕೆ ಹೋಗುತ್ತಿದ್ದಳು. ನಾಲಿಗೆ ಸ್ವಲ್ಪ ಹೊರಗೆ ಬಂದಿತ್ತು. ಜಡೆ ಇವನು ಹಾಕಿದ ಜಡೆ, ಆಗಲೇ ಅರ್ಧ ಬಿಚ್ಚಿಕೊಂಡಿತ್ತು. ಜೇಬಿನಲ್ಲಿದ್ದ ಫೋನನ್ನು ತೆಗೆದು ನೋಡಿದ, ಇಟ್ಟ, ಮತ್ತೆ ತೆಗೆದ. ಭಾವ ಮೆಸೇಜು ನೋಡಿದ್ದರು, ಉತ್ತರ ಬಂದಿರಲಿಲ್ಲ.

“ಮಾಮ, ಇವತ್ತು ಇದನ್ನ ಕೊಡೋಕೆ ಹೋಗೋಣ್ವಾ?”

“ಹೂಂ.”

ಅವಳ ಕೈ ನಿಂತಿತು. ತಿರುಗಿ ನೋಡಲಿಲ್ಲ. “ಮತ್ತೆ ಒಂದೇ ಸಲಕ್ಕೆ ಹೂಂ ಅಂದೆ.”

“ಅಯ್ಯೋ, ಇಲ್ಲ ಇಲ್ಲ ಇಲ್ಲ. ಸಾಕಾ?”

“ಒಟ್ಟಿಗೆ ಅಂದ್ರೆ ಲೆಕ್ಕಕ್ಕಿಲ್ಲ.” ಇನ್ನೊಂದು ಬ್ಲಾಕನ್ನು ಒತ್ತಿ ಕೂರಿಸಿ, “ವಾರ್ಡಿನೊಳಗೆ ನನ್ನನ್ನ ಬಿಡಲ್ವಲ್ಲ. ಮತ್ತೆ ನೀನ್ಯಾಕೆ ಹೂಂ ಅಂದೆ?” ಎಂದಳು.

ಅವನು ಕಕ್ಕಾಬಿಕ್ಕಿಯಾದ. ಬಾಗಿಲಿನವರೆಗೆ ಹೋಗಿ ನರ್ಸಿನ ಕೈಯಲ್ಲಿ ಕೊಡೋಣ ಅಂತ, ಎಂದೇನೋ ತೊದಲಿದ. ಲಾಯರಮ್ಮ ಅದನ್ನು ಒಪ್ಪಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮೊಸಳೆಗೆ ಹಲ್ಲು ಜೋಡಿಸುವುದಕ್ಕೆ ಹೊರಟಳು.

ಪಕ್ಕದ ಮೇಜುಗಳಲ್ಲಿ ಮೊಸಳೆಗಳು ತಯಾರಾಗತೊಡಗಿದ್ದವು. ಮುಗಿಸಿದ ಮಕ್ಕಳು ಕೈ ಎತ್ತುತ್ತಿದ್ದರು. ಏಪ್ರನ್ ಹುಡುಗಿ ಬಂದು ಮೊಸಳೆಯನ್ನು ತಲೆಕೆಳಗೆ ಹಿಡಿದು ಜೋರಾಗಿ ಅಲ್ಲಾಡಿಸುತ್ತಿದ್ದಳು. ಒಂದು ಚೂರೂ ಉದುರದಿದ್ದರೆ ‘ಗಟ್ಟಿ ಕೈ’ ಎಂದು ಕೂಗಿ ಅಂಗಿಗೆ ಒಂದು ಬಿಲ್ಲೆ ಚುಚ್ಚುತ್ತಿದ್ದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಇಂಥ ಪರೀಕ್ಷೆಗೆಂದೇ ಹುಟ್ಟಿದವಳು ಲಾಯರಮ್ಮ. ಅವಳು ಒತ್ತಿ ಕೂರಿಸಿದ ಬ್ಲಾಕನ್ನು ಬಿಡಿಸಲು ಮಾಮನೇ ಇಕ್ಕಳ ತಂದದ್ದುಂಟು.

ಕೊನೆಯ ಹಲ್ಲು ಕೂರಿಸಿ ಅವಳು ಕೈ ಎತ್ತಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಎಡಗೈಯ ಎರಡೇ ಬೆರಳಿನಿಂದ ಮೊಸಳೆಯ ಬೆನ್ನಿನ ಒಂದು ಬ್ಲಾಕನ್ನು ಹಿಡಿದು ಮೆಲ್ಲಗೆ ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ.

“ಏನು ಮಾಡ್ತಿದ್ದೀಯೇ?”

“ಇಲಿಮರಿ ಮಾಡ್ತಿದ್ದೀನಿ. ಅವಳ ಬಲಗೈಗೆ ಸೂಜಿ ಹಾಕಿ ಹಲಗೆ ಕಟ್ಟಿದ್ದಾರಲ್ಲ, ಫೋನಲ್ಲಿ ನೋಡಿದ್ದೀನಿ. ಬಾಯಲ್ಲಿ ಹುಣ್ಣು, ಹಲ್ಲು ಹಾಕೋಕೂ ಆಗಲ್ಲ. ಎಡಗೈಲೇ ಬಿಚ್ಬೇಕು.” ಅವಳು ಇನ್ನೊಮ್ಮೆ ಎಳೆದು ನೋಡಿ ತಲೆಯಾಡಿಸಿದಳು. “ಇಷ್ಟು ಗಟ್ಟಿ ಮಾಡ್ಬಾರ್ದಿತ್ತು. ಅವಳ ಕೈಲಿ ಆಗಲ್ಲ. ಅಳ್ತಾಳೆ.”

ಹಾಗೆಂದವಳೇ ಇಡೀ ಮೊಸಳೆಯನ್ನು ಬಿಚ್ಚತೊಡಗಿದಳು. ಉಗುರು ಹಾಕಿ, ಹಲ್ಲು ಹಾಕಿ, ತಂಗಿಯ ಕೆಲಸವನ್ನು ತಾನೇ ಮಾಡಿದಳು. ಆಮೇಲೆ ಮತ್ತೆ ಬಾಲದಿಂದ ಶುರು. ಈ ಸಲ ಒಂದನ್ನೂ ಒತ್ತಲಿಲ್ಲ. ಒಂದರ ಮೇಲೊಂದು ಕೂತೂ ಕೂರದ ಹಾಗೆ, ಮುಟ್ಟಿದರೆ ಬರುವ ಹಾಗೆ, ಉಸಿರು ಬಿಗಿಹಿಡಿದು ಇಡುತ್ತಾ ಹೋದಳು. ಗಟ್ಟಿ ಕಟ್ಟುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಸಡಿಲ ಕಟ್ಟುವುದನ್ನು ಅವಳು ಅಂದೇ ಕಲಿಯುತ್ತಿದ್ದಳು, ಅದು ಬಹಳ ನಿಧಾನದ ಕೆಲಸವಾಗಿತ್ತು.

ಆಗ ಫೋನ್ ಅದುರಿತು. ಭಾವ.

ಅವನು ಗೋಡೆಯ ಕಡೆ ಹೋದ.

“ನಿಮ್ಮಕ್ಕ ಒಪ್ಪಿದಾಳೆ,” ಭಾವ ಪಿಸುಗುಟ್ಟುತ್ತಿದ್ದರು. “ನರ್ಸೂ ಹೂಂ ಅಂದಿದಾರೆ. ಇಲಿಮರಿ ಎಚ್ಚರವಾಗಿದಾಳೆ ಕಣೋ. ಅಕ್ಕ, ಅಕ್ಕ ಅಂತಿದಾಳೆ. ಈಗ್ಲೇ ಕರ್ಕೊಂಡು ಬಾ. ಎಲ್ಲಿದ್ದೀಯ?”

“ದಾರಿಯಲ್ಲೇ ಇದ್ದೀವಿ ಭಾವ. ಐದೇ ನಿಮಿಷ.”

ಯೋಚಿಸಿ ಹೇಳಿದ್ದಲ್ಲ. ನಾಲಿಗೆ ತಾನಾಗಿ ಹೇಳಿತು. ಅತ್ತ ಭಾವ ನೀಳವಾಗಿ ಉಸಿರು ಬಿಟ್ಟದ್ದು ಕೇಳಿಸಿತು, ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಬಿಡುತ್ತಾರಲ್ಲ, ಹಾಗೆ.

ಅವನು ಧಾವಿಸಿ ಬಂದು ಲಾಯರಮ್ಮನ ಭುಜ ಹಿಡಿದ. “ಏಳು, ಹೊರಡೋಣ. ನಿನ್ನನ್ನ ಒಳಗೆ ಬಿಡ್ತಾರಂತೆ. ಇಲಿಮರಿ ಕಾಯ್ತಿದ್ದಾಳೆ.”

ಅವಳ ಮುಖ ಅರಳಿದ್ದನ್ನು ಏನು ಹೇಳಲಿ. ಎದ್ದೂ ಎದ್ದಳು. ಎದ್ದವಳು ಮೇಜಿನ ಮೇಲೆ ಅರ್ಧಕ್ಕೆ ನಿಂತ ಮೊಸಳೆಯನ್ನು ನೋಡಿ ಮತ್ತೆ ಕೂತಳು. “ಇನ್ನೊಂಚೂರು ಮಾಮ. ತಲೆ ಒಂದು ಬಾಕಿ. ತಲೆ ಇಲ್ಲದ ಮೊಸಳೆ ಕೊಟ್ರೆ ಅವಳು ಏನು ಬಿಚ್ತಾಳೆ? ಒಂದೇ ಚೂರು.”

‘ಇಲ್ಲ’ ಅನ್ನಬೇಕಾಗಿದ್ದದ್ದು ಆಗ. ವರ್ಷಗಟ್ಟಲೆ ಸುಮ್ಮಸುಮ್ಮನೆ ಸಾವಿರ ‘ಇಲ್ಲ’ ಅಂದವನು, ಎಲ್ಲವನ್ನೂ ಚೀಲಕ್ಕೆ ಸುರಿದುಕೊಂಡು ಈ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಓಡಬೇಕಾಗಿತ್ತು. ಓಡಲಿಲ್ಲ. ಬೆಳಗಿನಿಂದ ಹೂಂಗುಟ್ಟಿ ಹೂಂಗುಟ್ಟಿ ಅವನ ಬಾಯಿಗೆ ‘ಇಲ್ಲ’ ಬರಲೇ ಇಲ್ಲ. ಅವಳು ತಂಗಿಗೆ ಕೊಡುವ ಕೊನೆಯ ವಸ್ತು, ಪೂರ್ತಿಯಾಗಲಿ, ಅನ್ನಿಸಿತು. ಆಸ್ಪತ್ರೆ ದೂರವೇನಲ್ಲ, ಸೇತುವೆ ದಾಟಿದರೆ ಬಂತು, ಅನ್ನಿಸಿತು. ಇನ್ನೂ ಒಂದಿತ್ತು, ಅದನ್ನೂ ಹೇಳಿಬಿಡಬೇಕು: ಅವನಿಗೆ ಅಲ್ಲಿಗೆ ಹೋಗಲು ಭಯವಾಗಿತ್ತು. ಆ ಮಂಚದ ಹತ್ತಿರ ಹೋಗಿ ನಿಲ್ಲುವುದು ಸ್ವಲ್ಪವೇ ಸ್ವಲ್ಪ ಮುಂದಕ್ಕೆ ಹೋದರೂ ಸಾಕಾಗಿತ್ತು.

“ಹೂಂ,” ಎಂದ. “ಬೇಗ ಮುಗ್ಸು.”

ಸಡಿಲ ಇಡುವ ಕೆಲಸವನ್ನು ಬೇಗ ಮಾಡಲಾಗುವುದಿಲ್ಲ. ಮೇಲಿನ ದವಡೆ ಇಡುವಾಗ ಕೆಳಗಿನದು ಜಾರಿ ಬಿತ್ತು. ಮತ್ತೆ ಇಟ್ಟಳು. ಅವನು ಸಹಾಯ ಮಾಡಲು ಹೋಗಿ ಎರಡು ಬ್ಲಾಕುಗಳನ್ನು ರೂಢಿಯಂತೆ ಒತ್ತಿಬಿಟ್ಟ. “ಒತ್ಬೇಡ ಅಂದ್ನಲ್ಲ!” ಎಂದು ಅವಳು ಅವನ್ನು ಬಿಡಿಸಲು ಹಲ್ಲು ಹಾಕಿದಳು. ಅವನು ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಕೂತ. ಬಿಳಿ ಹಲ್ಲುಗಳನ್ನು ಅವಳು ಒಂದೊಂದಾಗಿ, ಬೆರಳು ನಡುಗದಂತೆ, ಇಟ್ಟಳು.

ಮುಗಿಯಿತು ಅನ್ನುವಷ್ಟರಲ್ಲಿ ಏಪ್ರನ್ ಹುಡುಗಿ ಬಂದು ಮೊಸಳೆಗೆ ಕೈ ಹಾಕಿದಳು. ಲಾಯರಮ್ಮ ಇಡೀ ಅಂಗಡಿ ತಿರುಗಿ ನೋಡುವಂತೆ ಕಿರುಚಿದಳು, “ಮುಟ್ಬೇಡಿ! ಇದು ಗಟ್ಟಿ ಮೊಸಳೆ ಅಲ್ಲ!”

“ಹಾಗಾದ್ರೆ ಬಿಲ್ಲೆ ಸಿಗಲ್ವಲ್ಲ ಪುಟ್ಟಾ.”

“ನನಗೆ ಬೇಡ. ಇದು ಬಿಚ್ಚೋ ಮೊಸಳೆ.”

ಮುಟ್ಟದ ಟ್ರೇಯ ಬ್ಲಾಕ್ಸನ್ನು ಹುಡುಗಿ ಕಾಗದದ ಚೀಲವೊಂದಕ್ಕೆ ಸುರಿದು ಮಾಮನ ಕೈಗಿಟ್ಟು, ಮೊಸಳೆಯನ್ನು ಟ್ರೇ ಸಮೇತ ಒಯ್ಯಲು ಲಾಯರಮ್ಮನಿಗೆ ಬಿಟ್ಟಳು. “ನಿಂದು ಹಾಗೇ ಉಳೀತು ನೋಡು. ತಂಗಿ ಮನೆಗೆ ಬಂದ್ಮೇಲೆ ಇಬ್ಬರೂ ಸೇರಿ ಕಟ್ಟಿ,” ಎಂದಳು. ಒಳ್ಳೆಯ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಾಮ ಮುಖ ಆಚೆ ತಿರುಗಿಸಿದ.

ಲಿಫ್ಟಿನ ಮುಂದೆ ತಳ್ಳುಗಾಡಿಗಳ ಜಾತ್ರೆ. ಮೆಟ್ಟಿಲಿಳಿದರು. ಲಾಯರಮ್ಮ ಟ್ರೇಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದುಕೊಂಡು, ಅದರ ಮೇಲಿನ ಮೊಸಳೆಯಿಂದ ಕಣ್ಣು ಕೀಳದೆ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು ಇಳಿದಳು. ನಾನು ಹಿಡ್ಕೊಳ್ತೀನಿ ಕೊಡು ಎಂದರೆ ಕೊಡಲೊಲ್ಲಳು. ನೀನು ಒತ್ತಿಬಿಡ್ತೀಯ, ಎಂದಳು. ಅವನು ಮುಂದೆ ಹೋಗಿ ದಾರಿ ಬಿಡಿಸುತ್ತಾ, ಹಿಂದೆ ಬಂದು ‘ಬೇಗ ಬಾರೇ ತಾಯಿ’ ಅನ್ನುತ್ತಾ ಅಂಗಲಾಚುತ್ತಿದ್ದ. ಅವಳು ಬೇಗ ಬರಲು ನೋಡಿದಾಗಲೆಲ್ಲ ಮೊಸಳೆಯ ಬಾಯಿ ಅಲ್ಲಾಡುತ್ತಿತ್ತು, ನಿಲ್ಲುತ್ತಿದ್ದಳು. ಕೆಳಗೆ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ವ್ಯಾನಿಗೆ ಅಡ್ಡಲಾಗಿ ಯಾವನೋ ಪುಣ್ಯಾತ್ಮ ಕಾರು ನಿಲ್ಲಿಸಿ ಹೋಗಿದ್ದ. ಅದನ್ನು ತಪ್ಪಿಸಿ ಹಿಂದೆ ಮುಂದೆ ಹೊರಳಿಸಿ ಹೊರಡಿಸುವಷ್ಟರಲ್ಲಿ ಮಾಮನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಅಲ್ಲಿ ಸಿಗ್ನಲ್ ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು.

ವ್ಯಾನು ಇಳಿಜಾರು ಹತ್ತಿ ಬೆಳಕಿಗೆ ಬಂದದ್ದೇ ತಡ, ಫೋನ್ ಒಂದೇ ಸಮನೆ ಅದುರತೊಡಗಿತು. ತಪ್ಪಿಹೋದ ಕರೆಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಅವನು ರಸ್ತೆ ಬದಿಗೆ ನಿಲ್ಲಿಸಿ, ಇಳಿದು, ಬಾಗಿಲು ಮುಚ್ಚಿ, ವ್ಯಾನಿನ ಹಿಂದಕ್ಕೆ ಹೋಗಿ ಭಾವನಿಗೆ ಫೋನ್ ಮಾಡಿದ.

“ದಾರಿಯಲ್ಲೇ—” ಎಂದು ನಾಲಿಗೆ ಶುರು ಮಾಡಿತು.

“ಇನ್ನು ಆತುರ ಏನಿಲ್ಲ ಕಣೋ,” ಭಾವ ಅಂದರು. “ನಿಧಾನವಾಗಿ ಗಾಡಿ ಓಡಿಸ್ಕೊಂಡು ಬಾ.”

ಹಿಂದೆ ಎಲ್ಲೋ ಅಕ್ಕನ ದನಿ ಕೇಳಿಸುತ್ತಿತ್ತು. ಅದು ಅಳುವಿನ ಹಾಗಿರಲಿಲ್ಲ. ಯಾರನ್ನೋ ಎಬ್ಬಿಸುತ್ತಿರುವ ಹಾಗಿತ್ತು.

“ನೀನು ದಾರಿಯಲ್ಲಿದ್ದೀನಿ ಅಂದ್ಯಲ್ಲ,” ಭಾವ ಹೇಳಿದರು. ಅದರಲ್ಲಿ ಆಪಾದನೆ ಎಳ್ಳಷ್ಟೂ ಇರಲಿಲ್ಲ, ಸುಮ್ಮನೆ ಹೇಳುತ್ತಿದ್ದರು. “ಅವಳಿಗೆ ಅದನ್ನೇ ಹೇಳ್ದೆ. ಅಕ್ಕ ದಾರಿಯಲ್ಲಿದ್ದಾಳೆ ಪುಟ್ಟಾ, ಬಂದ್ಬಿಟ್ಲು ಅಂತ. ಬಾಗಿಲ ಕಡೆನೇ ನೋಡ್ತಿದ್ಲು. ಟ್ರಾಫಿಕ್ ಇತ್ತಾ?”

“ಇತ್ತು ಭಾವ,” ಎಂದ ಮಾಮ.

ಟ್ರಾಫಿಕ್ ಇರಲಿಲ್ಲ. ಎದುರಿಗೆ ಸೇತುವೆಯವರೆಗೂ ರಸ್ತೆ ಖಾಲಿ ಹೊಡೆಯುತ್ತಿತ್ತು. ಇನ್ನು ಬದುಕಿರುವವರೆಗೂ ಆ ಟ್ರಾಫಿಕ್ಕನ್ನು ಅವನು ಕಾಪಾಡಿಕೊಂಡು ಬರಬೇಕು. ತನ್ನ ಮಾನಕ್ಕಲ್ಲ. ಒಂದು ಮೊಸಳೆಯ ತಲೆಗಾಗಿ ಹೊತ್ತಾಯಿತೆಂದು ಈ ಹುಡುಗಿಗೆ ಗೊತ್ತಾಗಬಾರದು, ಅಷ್ಟೇ. ಆದರೆ ಅವಳು ಲಾಯರಮ್ಮ. ಇಂದಲ್ಲ ನಾಳೆ ಲೆಕ್ಕ ಹಾಕದೆ ಬಿಡುವವಳಲ್ಲ. ಅವನು ವ್ಯಾನಿನ ಹಿಂಬಾಗಿಲಿಗೆ ಹಣೆ ಒತ್ತಿಕೊಂಡು ನಿಂತ. ಅಳು ಬಂತು. ಒಳಗೆ ಕೇಳಿಸಬಾರದೆಂದು ತೋಳನ್ನು ಕಚ್ಚಿಕೊಂಡು ಅತ್ತ.

ಬಂದು ಸೀಟಿನಲ್ಲಿ ಕೂತಾಗ ಅವಳು ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕೂತಿದ್ದಳು. ಮೊಸಳೆ ಎಲ್ಲೂ ಜಾರದೆ ಇಡಿಯಾಗಿತ್ತು. ಅವಳ ಪಕ್ಕದಲ್ಲಿ ಮುಚ್ಚಳ ಹಾಕಿದ ಅರ್ಧ ಜ್ಯೂಸು. ಅದು ಯಾರ ಪಾಲು ಅಂತ ಅವನಿಗೆ ಆಗ ಹೊಳೆಯಿತು.

ಅವನು ಕೀಲಿ ತಿರುಗಿಸಲಿಲ್ಲ. ಅವಳು ಅವನ ಮುಖವನ್ನು ನೋಡಿದಳು, ಅಂಗಿಯ ತೋಳಿನ ಮೇಲಿನ ಒದ್ದೆಯನ್ನು ನೋಡಿದಳು. ಆಮೇಲೆ ಮೊಸಳೆಯನ್ನು ನೋಡುತ್ತಾ ಕೇಳಿದಳು.

“ಮಾಮ, ಇಲಿಮರಿ ಇದನ್ನ ಬಿಚ್ತಾಳಾ?”

ಬೆಳಗಿನಿಂದ ಬಾರದ ಮಾತು ಈಗ ಬಂತು.

“ಇಲ್ಲ,” ಎಂದ.

ಅವಳ ಹುಬ್ಬು ಮೇಲೇರಿತು. ತುಟಿಯ ಮೂಲೆ ಸ್ವಲ್ಪ ಅಲುಗಿತು. ಮಾಮ ಸರಿಹೋದ, ಆಟ ಶುರುವಾಯಿತು ಎಂದುಕೊಂಡಳೇನೋ. ನೆಟ್ಟಗೆ ಕೂತಳು.

“ಬಿಚ್ತಾಳಾ?”

“ಇಲ್ಲ.”

“ಬಿಚ್ತಾಳಾ?”

“ಇಲ್ಲ ಕಂದ.”

ಮೂರಾಯಿತು. ಇನ್ನು ಅವನು ‘ಹೂಂ’ ಅನ್ನಲೇಬೇಕು. ಅದು ನಿಯಮ, ಒಂದು ದಿನವೂ ತಪ್ಪಿದ್ದಿಲ್ಲ. ಅವಳು ಪೂರ್ತಿ ಅವನ ಕಡೆ ತಿರುಗಿ, ಟ್ರೇಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ನಾಲ್ಕನೇ ಸಲ ಕೇಳಿದಳು. ದನಿ ಬಹಳ ಸಣ್ಣದಾಗಿತ್ತು.

“ಬಿಚ್ತಾಳಾ ಮಾಮ?”

ಅವನು ಬಾಯಿ ತೆರೆದ. ಒಂದು ‘ಹೂಂ’ಗಾಗಿ ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಒಂದು ಬಸ್ಸು ಹಾದುಹೋಯಿತು, ವ್ಯಾನು ಅಲುಗಾಡಿತು, ಮೊಸಳೆಯ ಬೆನ್ನಿನಿಂದ ಒಂದು ಬ್ಲಾಕು ಜಾರಿ ಟ್ರೇಯೊಳಗೆ ಬಿತ್ತು. ಅವನು ಬಾಯಿ ಮುಚ್ಚಿದ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು.

ಆಮೇಲೆ ಕಾಯುವುದನ್ನು ಬಿಟ್ಟು ತಲೆ ತಗ್ಗಿಸಿದಳು. ಬಿದ್ದ ಬ್ಲಾಕನ್ನು ಎತ್ತಿ ಅದರ ಜಾಗದಲ್ಲಿಟ್ಟಳು. ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಟಕ್ ಅಂತು. ಪಕ್ಕದ್ದನ್ನು ಒತ್ತಿದಳು. ಬಾಲದಿಂದ ಹಿಡಿದು ಹೊಟ್ಟೆ, ಕಾಲು, ಬೆನ್ನು, ದವಡೆ, ಬಿಳಿ ಹಲ್ಲುಗಳು, ಒಂದನ್ನೂ ಬಿಡದೆ, ಉಗುರು ಬೆಳ್ಳಗಾಗುವ ಹಾಗೆ ಒತ್ತುತ್ತಾ ಹೋದಳು. ಮಾಮ ಕೂತು ಆ ಸದ್ದನ್ನು ಕೇಳಿದ. ಎಲ್ಲ ಗಟ್ಟಿಯಾದ ಮೇಲೆ ಅವಳು ಮೊಸಳೆಯನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದಳು. ಏನೂ ಉದುರಲಿಲ್ಲ.